ಗಡಿಯಲ್ಲಿರುವ ಮಗ, ಮಗಳ ಜೊತೆ ಮಾತು: ಫೋನೋ, ವಾಟ್ಸಾಪೋ, ಕಾಗದವೋ?

ಸೈನ್ಯದಲ್ಲಿರುವ ಮಗ ಗಡಿಯ ಕಡೆಯ ಫೀಲ್ಡ್ ಪೋಸ್ಟಿಂಗ್‌ಗೆ ಹೊರಟ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ, "ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂತ. ಅದರ ಜೊತೆಗೇ ಇನ್ನೊಂದನ್ನು ಕೇಳಬೇಕು. ಅವನಿಗೆ ಬಿಡುವು ಯಾವಾಗ? ಆ ಬಿಡುವಿನಲ್ಲಿ ಮಾತಾಡುವ ತ್ರಾಣ ಉಳಿದಿರುತ್ತದೋ, ನಿದ್ದೆ ಬೇಕಾಗಿರುತ್ತದೋ?

ನಮ್ಮ ಬೆಳಗಾವಿ ಕಡೆ ಓಣಿಗೊಬ್ಬರಾದರೂ ಸೈನ್ಯದಲ್ಲಿರುವ ಊರುಗಳಿವೆ. ನನ್ನ ಮಗನೂ ಅಂಥ ಊರಿನಿಂದ ಹೋದವನು. ಅವನ ಪಲ್ಟನ್, ಅಂದರೆ ಅವನಿರುವ ಸೇನಾ ತುಕಡಿ, ಯಾವುದು, ಈಗ ಎಲ್ಲಿದ್ದಾನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ. ಈ ದಾರಿಗಳನ್ನೆಲ್ಲ ಬಳಸಿ, ಓಣಿಯ ಉಳಿದ ತಾಯಂದಿರ ಜೊತೆ ಮಾತಾಡಿ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದು: ಈಗಲೇ ಉತ್ತರ ಕೊಡು ಎಂಬ ಭಾರವನ್ನು ಮಕ್ಕಳ ಮೇಲೆ ಹೊರಿಸದ ದಾರಿಯೇ ಒಳ್ಳೆಯದು. ಕೆಳಗಿನದನ್ನೆಲ್ಲ ನಾನು ತೂಗಿರುವುದು ಆ ತಕ್ಕಡಿಯಲ್ಲಿ.

ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಪುಣೆ, ಜಬಲ್ಪುರ, ಸಿಕಂದರಾಬಾದಿನಂಥ ಕಡೆ ಇದ್ದರೆ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಸಂಜೆ ರೋಲ್‌ಕಾಲ್ ಮುಗಿದ ಮೇಲೆ ಎಲ್ಲರಂತೆ ಫೋನ್ ಮಾಡಿಕೊಳ್ಳಬಹುದು. ಮುಂದಿನ ಮಾತೆಲ್ಲ ಗಡಿಯಲ್ಲಿ, ಹಿಮದಲ್ಲಿ, ಕಡಲಲ್ಲಿ ಇರುವವರ ಮನೆಯವರಿಗೆ.

ಸಾದಾ ಫೋನ್ ಕರೆ

ಇವತ್ತಿಗೂ ಹೆಚ್ಚು ಜನ ನಂಬುವುದು ಇದನ್ನೇ. ಕರ್ನಾಟಕದಲ್ಲಿ ತೆಗೆದುಕೊಂಡ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ ಮತ್ತು ಲಡಾಖ್‌ನಲ್ಲಿ ನಡೆಯುವುದಿಲ್ಲ ಅನ್ನುವುದು ಮೊದಲು ಗೊತ್ತಿರಲಿ. ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಆದ್ದರಿಂದ ಆ ಕಡೆ ಪೋಸ್ಟಿಂಗ್ ಬಂದರೆ, ರಜೆಯಲ್ಲಿ ಮನೆಗೆ ಬಂದಾಗಲೇ ಸಿಮ್ಮನ್ನು ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳುವುದು ಜಾಣತನ. ಅಲ್ಲಿ ಹೋಗಿ ಸ್ಥಳೀಯ ಸಿಮ್ ತೆಗೆದುಕೊಳ್ಳುವವರೂ ಇದ್ದಾರೆ. ಹಾಗಾದರೆ ಹೊಸ ನಂಬರನ್ನು ಮನೆಯಲ್ಲಿ ಒಬ್ಬರ ಫೋನಿನಲ್ಲಿ ಮಾತ್ರ ಇಟ್ಟುಕೊಂಡು ಸುಮ್ಮನಾಗಬೇಡಿ, ಕಾಗದದ ಮೇಲೂ ಬರೆದಿಡಿ.

ಪೋಸ್ಟ್‌ಪೇಯ್ಡ್ ಯಾಕೆ ಬೇಕು ಅನ್ನುವುದಕ್ಕೆ 2019 ನೆನಪಿಸಿಕೊಂಡರೆ ಸಾಕು. ಆ ವರ್ಷ ಆಗಸ್ಟ್ 5ರಂದು ಕಾಶ್ಮೀರದಲ್ಲಿ ಫೋನ್, ಇಂಟರ್‌ನೆಟ್ ಎಲ್ಲ ನಿಂತವು. ಪೋಸ್ಟ್‌ಪೇಯ್ಡ್ ಮೊಬೈಲ್‌ಗಳಿಗೆ ಮಾತು ಮರಳಿದ್ದು ಅಕ್ಟೋಬರ್ 14ಕ್ಕೆ. 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರುವರಿಯಲ್ಲಿ, ಅಂದರೆ ಒಂದೂವರೆ ವರ್ಷದ ಮೇಲೆ. ವಾಟ್ಸಾಪ್ ಒಂದನ್ನೇ ನೆಚ್ಚಿಕೊಂಡ ಮನೆಗಳಿಗೆ ಆಗ ದಿಕ್ಕು ತೋಚದಂತಾಯಿತು.

ಜವಾನರು ಎಷ್ಟೋ ಸಲ ಜೊತೆಗಾರನ ಫೋನಿನಿಂದ ಕರೆ ಮಾಡುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಗುರುತಿಲ್ಲದ ನಂಬರ್ ಬಂದರೆ ಎತ್ತಿ. ಹಾಗಂತ ಆ ನಂಬರ್‌ಗೆ ಮರುದಿನ ನೀವೇ ತಿರುಗಿ ಕರೆ ಮಾಡಿ "ನನ್ನ ಮಗನಿಗೆ ಕೊಡಪ್ಪಾ" ಅನ್ನುವುದು ಬೇಡ. ಆ ಹುಡುಗನೂ ಡ್ಯೂಟಿ ಮುಗಿಸಿ ಮಲಗಿರುತ್ತಾನೆ. ಹೊತ್ತಿನ ಲೆಕ್ಕವೂ ಬೇರೆ. ಅರುಣಾಚಲದಲ್ಲಿ ಚಳಿಗಾಲದ ದಿನ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಬೆಳಗೂ ಅಷ್ಟೇ ಬೇಗ. ನಾವು ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಹಿಡಿಯುವ ಹೊತ್ತಿಗೆ ಅಲ್ಲಿ ಒಂದು ನಿದ್ದೆ ಆಗಿರುತ್ತದೆ.

ಹತ್ತು ನಿಮಿಷದ ಕರೆ ಯಾರ ಪಾಲಿಗೆ? ಇದರ ಬಗ್ಗೆ ಮನೆಗಳಲ್ಲಿ ಒಳಗೊಳಗೇ ಬೇಸರ ಬೆಳೆಯುವುದನ್ನು ನೋಡಿದ್ದೇನೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮಗನಿಗೆ ಮದುವೆಯಾಗಿದ್ದರೆ ಮೊದಲ ಪಾಲು ಸೊಸೆಗೆ ಮತ್ತು ಮೊಮ್ಮಕ್ಕಳಿಗೆ. ತಾಯಿಯ ಕರುಳು ಏನೇ ಹೇಳಲಿ, ಅವರಿಬ್ಬರೂ ಮಾತಾಡುವಾಗ ಸ್ಪೀಕರ್ ಹಾಕಿಸಿ ಸುತ್ತ ಕೂರಬಾರದು. ಅವಳಿಗೆ ಫೋನ್ ಕೊಟ್ಟು ಬೇರೆ ಕೋಣೆಗೆ ಕಳಿಸಿ. ನಮಗೆ ವಾರಕ್ಕೊಂದು ಕರೆ ಸಾಕು, ಉಳಿದದ್ದನ್ನು ಕಾಗದದಲ್ಲಿ ಬರೆಯಬಹುದು. ದನ ಕರು ಹಾಕಿದ್ದು, ಬೋರ್‌ವೆಲ್ ಕೆಟ್ಟದ್ದು, ತಂಗಿಗೆ ಗಂಡು ನೋಡಲು ಬಂದದ್ದು, ಇವೆಲ್ಲ ಕಾಗದದಲ್ಲಿ ಇನ್ನೂ ಚೆನ್ನಾಗಿರುತ್ತವೆ.

ವಾಟ್ಸಾಪ್: ವಿಡಿಯೋಗಿಂತ ಧ್ವನಿ ಮೇಲು

ವಿಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತದೆ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಗಡಿಯ ನೆಟ್‌ವರ್ಕ್‌ನಲ್ಲಿ ಚಿತ್ರ ನಿಂತು ನಿಂತು ಬಂದು, "ಕೇಳಿಸ್ತಾ, ಕೇಳಿಸ್ತಾ" ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ವಿಡಿಯೋದಲ್ಲಿ ಅವನ ಹಿಂದಿನ ಬಂಕರ್, ಗುಡ್ಡ, ಬಂಡಿಗಳೂ ಕಾಣಬಹುದು. ಅದಕ್ಕಾಗಿಯೇ ಅನೇಕ ಕಡೆ ವಿಡಿಯೋ ಕರೆಗೆ ಬಿಗಿ ಇರುತ್ತದೆ. ಅವನು ಬೇಡ ಅಂದರೆ ಒತ್ತಾಯ ಮಾಡಬೇಡಿ.

ನಾನು ಎಲ್ಲಕ್ಕಿಂತ ಹೆಚ್ಚು ಶಿಫಾರಸು ಮಾಡುವುದು ಧ್ವನಿ ಸಂದೇಶ. ಒಂದೆರಡು ನಿಮಿಷದ ವಾಯ್ಸ್ ಮೆಸೇಜ್ ಸಣ್ಣದು, ಕ್ಷೀಣ ನೆಟ್‌ವರ್ಕ್‌ನಲ್ಲೂ ನುಸುಳಿ ಹೋಗುತ್ತದೆ, ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿ ಇಳಿದು ಫೋನಿನಲ್ಲಿ ಕೂರುತ್ತದೆ. ಆಮೇಲೆ ನೆಟ್‌ವರ್ಕ್ ಇಲ್ಲದ ಪೋಸ್ಟಿಗೆ ಹೋದರೂ ಕೇಳಬಹುದು. ಬೇಕಾದಾಗ, ಬೇಕಾದಷ್ಟು ಸಲ. ಉತ್ತರವನ್ನು ಮೂರು ದಿನದ ಮೇಲೆ ಕೊಟ್ಟರೂ ನಡೆಯುತ್ತದೆ. ಅಕ್ಷರ ಓದಲು ಬಾರದ ಅಜ್ಜಿಯೂ ಕಳಿಸಬಹುದು. ಮನೆಯಲ್ಲಿ ಆಗುವ ಸದ್ದನ್ನೇ ಕಳಿಸಿ: ಬೆಳಗಿನ ಸುಪ್ರಭಾತ, ಮಗುವಿನ ತೊದಲು, ಊರ ಜಾತ್ರೆಯ ಡೊಳ್ಳು. ಪ್ರಶ್ನೆಗಳ ಸರಮಾಲೆ ಬೇಡ. "ಊಟ ಮಾಡಿದೆಯಾ, ಯಾಕೆ ಫೋನ್ ಮಾಡಲಿಲ್ಲ, ಆರಾಮ ಇದ್ದೀಯಾ" ಎಂಬ ಮೂರನ್ನೇ ದಿನಾ ಕಳಿಸಿದರೆ ಅವನಿಗೆ ಅದು ಹಾಜರಿ ಕೂಗಿದಂತೆ ಕೇಳಿಸುತ್ತದೆ.

ಎರಡು ನೀಲಿ ಗೆರೆ ಬಂದಿತೋ ಇಲ್ಲವೋ ಎಂದು ನೋಡುತ್ತ ಕೂರುವ ಚಟವನ್ನೂ ಬಿಡಬೇಕು. ರಾತ್ರಿಯೆಲ್ಲ "ಲಾಸ್ಟ್ ಸೀನ್" ನೋಡಿಕೊಂಡು ನಿದ್ದೆಗೆಟ್ಟ ತಾಯಂದಿರು ಒಬ್ಬಿಬ್ಬರಲ್ಲ. ಮಗ ಹೋಗುವ ಮೊದಲೇ ಅವನ ಜೊತೆ ಒಂದು ಮಾತು ಗೊತ್ತುಮಾಡಿಕೊಳ್ಳಿ: ಎಷ್ಟು ದಿನ ಸದ್ದಿಲ್ಲದಿದ್ದರೆ ಅದು ಮಾಮೂಲು? ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಲೆಕ್ಕ. ಪೆಟ್ರೋಲಿಂಗ್‌ಗೆ ಹೋಗುವವನಾದರೆ ವಾರವೂ ಆಗಬಹುದು. ಆ ಗಡುವು ಮೊದಲೇ ಗೊತ್ತಿದ್ದರೆ ಮನೆಯವರಿಗೂ ಉಸಿರಾಡಲು ಆಗುತ್ತದೆ, ಅವನಿಗೂ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂಲಕ ಮಾತುಕತೆ ಬೇಡ. 2020ರ ಜುಲೈನಲ್ಲಿ ಸೇನೆ ಅವೆರಡೂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕಲು ತನ್ನವರಿಗೆ ಹೇಳಿತ್ತು. ನಿಯಮ ಕಾಲಕಾಲಕ್ಕೆ ಬದಲಾಗುತ್ತದೆ, ಯಾವುದು ನಡೆಯುತ್ತದೆ ಎಂದು ಅವನನ್ನೇ ಕೇಳಿ.

ಕಾಗದ ಮತ್ತು ಪಾರ್ಸೆಲ್

ಕಾಗದದ ಕಾಲ ಮುಗಿಯಿತು ಅನ್ನುವವರು ಸೈನಿಕರ ಟ್ರಂಕು ತೆಗೆದು ನೋಡಬೇಕು. ಫೋನಿನ ಮಾತು ಕಿವಿ ದಾಟಿದರೆ ಮುಗಿಯಿತು. ಕಾಗದ ಅವನ ಜೇಬಿನಲ್ಲಿರುತ್ತದೆ, ಬ್ಯಾಟರಿ ಬೇಡ, ಟವರ್ ಬೇಡ. ಇನ್‌ಲ್ಯಾಂಡ್ ಲೆಟರ್‌ಗೆ ಈಗಲೂ ಎರಡೂವರೆ ರೂಪಾಯಿ.

ಇದರ ಹಿಂದೆ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಸೇನೆಗೆ ತನ್ನದೇ ಅಂಚೆ ದಳವಿದೆ. 1972ರ ಮಾರ್ಚ್ 1ರಂದು ಅದು ಸ್ವತಂತ್ರ ಕೋರ್ ಆಯಿತು. ಅಂಚೆ ಇಲಾಖೆಯ ನೌಕರರೇ ಡೆಪ್ಯುಟೇಶನ್ ಮೇಲೆ ಹೋಗಿ ಸಮವಸ್ತ್ರ ತೊಟ್ಟು ಫೀಲ್ಡ್ ಪೋಸ್ಟ್ ಆಫೀಸುಗಳಲ್ಲಿ ಕೆಲಸ ಮಾಡುತ್ತಾರೆ. ನೀವು ಊರಿನ ಡಬ್ಬಿಗೆ ಹಾಕಿದ ಕಾಗದ ದೆಹಲಿ ಅಥವಾ ಕೋಲ್ಕತ್ತದ ಸೆಂಟ್ರಲ್ ಬೇಸ್ ಪೋಸ್ಟ್ ಆಫೀಸಿಗೆ ಹೋಗುತ್ತದೆ. ಆ ಪಲ್ಟನ್ ಈಗ ಎಲ್ಲಿದೆ ಎನ್ನುವುದು ಗೊತ್ತಿರುವುದು ಅಲ್ಲಿನವರಿಗೆ. ವಿಳಾಸದಲ್ಲಿ 56 ಎಪಿಓ (ಆರ್ಮಿ ಪೋಸ್ಟ್ ಆಫೀಸ್) ಇದ್ದರೆ ದೆಹಲಿ, 99 ಎಪಿಓ ಇದ್ದರೆ ಕೋಲ್ಕತ್ತ, ಅಂದರೆ ಪೂರ್ವದ ಕಡೆಯವರು.

ವಿಳಾಸ ಬರೆಯುವ ರೀತಿ ಮುಖ್ಯ. ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಕಂಪನಿ, ಪಲ್ಟನ್, ಕೇರ್ ಆಫ್ 56 ಎಪಿಓ ಅಥವಾ 99 ಎಪಿಓ, ಕೊನೆಗೆ 9ರಿಂದ ಶುರುವಾಗುವ ಆರಂಕಿಯ ಪಿನ್. ಅಷ್ಟೇ. ಲೇಹ್, ಕುಪ್ವಾರಾ, ತವಾಂಗ್ ಎಂದು ಊರಿನ ಹೆಸರು ಸೇರಿಸಬಾರದು. ಈ ವ್ಯವಸ್ಥೆ ಇರುವುದೇ ಪಲ್ಟನ್ ಎಲ್ಲಿದೆ ಎಂಬುದು ಲಕೋಟೆಯ ಮೇಲೆ ಕಾಣದಿರಲಿ ಎಂದು.

ಖಾಸಗಿ ಕೊರಿಯರ್‌ನವರು ಎಪಿಓ ವಿಳಾಸಕ್ಕೆ ತಲುಪಿಸುವುದಿಲ್ಲ. ಪಾರ್ಸೆಲ್ ಇದ್ದರೆ ಅಂಚೆ ಕಚೇರಿಗೇ ಹೋಗಿ. ಬೆಲೆಬಾಳುವುದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಹಿಂದೆ ರಿಜಿಸ್ಟರ್ಡ್ ಮಾಡುತ್ತಿದ್ದವರು ಗಮನಿಸಿ: 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ.

ತಿನಿಸಿನ ವಿಷಯದಲ್ಲಿ ನನ್ನ ಆಯ್ಕೆ ಶೇಂಗಾ ಹೋಳಿಗೆ, ಗೋಕಾಕದ ಕರದಂಟು, ಶೇಂಗಾ ಚಟ್ನಿಪುಡಿ, ಅಗಸಿ ಹಿಂಡಿ. ಬೇಗ ಕೆಡುವುದಿಲ್ಲ, ಒಡೆದರೂ ತಿನ್ನಬಹುದು, ಇಡೀ ಸೆಕ್ಷನ್‌ಗೆ ಹಂಚಲು ಬರುತ್ತದೆ. ಅವನೊಬ್ಬನಿಗೆ ಅಂತ ಅಳೆದು ಕಟ್ಟಬೇಡಿ. ಪಾರ್ಸೆಲ್ ಬಿಚ್ಚುವಾಗ ಸುತ್ತ ಹತ್ತು ಜನ ಇರುತ್ತಾರೆ. ಪಂಜಾಬಿ, ತಮಿಳು, ನಾಗಾ ಹುಡುಗರೂ ನಮ್ಮ ಶೇಂಗಾ ಹಿಂಡಿಯ ರುಚಿ ಕಂಡವರೇ. ಎಣ್ಣೆ ಉಪ್ಪಿನಕಾಯಿ ಬೇಡ, ಸೋರಿದರೆ ಉಳಿದವರ ಕಾಗದಗಳೂ ಹಾಳು. ಪವರ್‌ಬ್ಯಾಂಕ್, ಬಿಡಿ ಬ್ಯಾಟರಿ, ಲೈಟರ್, ಸೆಂಟಿನ ಬಾಟಲಿ ವಿಮಾನದಲ್ಲಿ ಹೋಗುವ ಅಂಚೆಗೆ ಅಪಾಯ, ಹಾಕಬೇಡಿ.

ಚಳಿಗಾಲಕ್ಕೆ ಮುನ್ನ ಯೋಚಿಸಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿರುವ ಜೋಜಿ ಲಾ ಎಂಬ ಎತ್ತರದ ಕಣಿವೆದಾರಿ ಹಿಮ ಬಿದ್ದಾಗ ಮುಚ್ಚುತ್ತದೆ. ಆಗ ವಿಮಾನವೇ ಗತಿ, ವಿಮಾನಕ್ಕೆ ಹವಾಮಾನವೇ ಗತಿ. ದೀಪಾವಳಿಗೆ ಮುಟ್ಟಲಿ ಅನ್ನುವ ಪಾರ್ಸೆಲನ್ನು ದಸರೆಯ ಹೊತ್ತಿಗೇ ಕಳಿಸಿಬಿಡಿ. ಯುಗಾದಿಯ ಬೇವು-ಬೆಲ್ಲವನ್ನೂ ಒಣ ಬೇವಿನ ಹೂವು, ಬೆಲ್ಲ ಮಾಡಿ ಮುಂಚೆಯೇ ಹಾಕಬಹುದು.

ಕಾಗದಕ್ಕೆ ಒಂದು ಕೊರತೆ ಇದೆ. ನೀವು ಬರೆದದ್ದು ಅವನು ಓದುವ ಹೊತ್ತಿಗೆ ಹಳೆಯದಾಗಿರುತ್ತದೆ. ಅಪ್ಪನಿಗೆ ಜ್ವರ ಎಂದು ಬರೆದರೆ, ಜ್ವರ ಬಿಟ್ಟು ಹೊಲಕ್ಕೆ ಹೋದ ಮೇಲೂ ಅವನು ಅಲ್ಲಿ ಚಿಂತಿಸುತ್ತಿರುತ್ತಾನೆ. ಆದ್ದರಿಂದ ಹೊತ್ತು ಹೋದರೆ ಸುಳ್ಳಾಗುವ ಸುದ್ದಿಯನ್ನು ಕಾಗದದಲ್ಲಿ ಬರೆಯಬೇಡಿ. ಕಾಗದಕ್ಕೆ ತಾರೀಖು ಮತ್ತು ಸಂಖ್ಯೆ ಹಾಕಿ. ಹಿಂದುಮುಂದಾಗಿ ತಲುಪಿದರೂ ಅವನು ಜೋಡಿಸಿ ಓದಿಕೊಳ್ಳುತ್ತಾನೆ.

ಸಿಯಾಚಿನ್ ಮತ್ತು ಎತ್ತರದ ಪೋಸ್ಟುಗಳು

1984ರ ಏಪ್ರಿಲ್ 13ರಿಂದ ನಮ್ಮವರು ಆ ಹಿಮನದಿಯ ಮೇಲೆ ನಿಂತಿದ್ದಾರೆ. ಬಹುಕಾಲ ಅಲ್ಲಿಂದ ಮನೆಗೆ ಮಾತು ಬರುತ್ತಿದ್ದದ್ದು ಬಿಎಸ್‌ಎನ್‌ಎಲ್‌ನ ಉಪಗ್ರಹ ಫೋನಿನಿಂದ. ನಿಮಿಷಕ್ಕೆ 5 ರೂಪಾಯಿ ಇತ್ತು, 2017ರ ದೀಪಾವಳಿಗೆ ಸರ್ಕಾರ ಅದನ್ನು 1 ರೂಪಾಯಿಗೆ ಇಳಿಸಿತು. 2023ರ ಅಕ್ಟೋಬರ್‌ನಲ್ಲಿ ಬಿಎಸ್‌ಎನ್‌ಎಲ್ ಹಿಮನದಿಯ ಕಡೆ 15,500 ಅಡಿಗೂ ಎತ್ತರದಲ್ಲಿ ಮೊಬೈಲ್ ಟವರ್ ಹಾಕಿತು. 2025ರ ಜನವರಿಯಲ್ಲಿ ಜಿಯೋ 4ಜಿ, 5ಜಿ ಕೂಡ ಮುಟ್ಟಿತು, ಅದೂ ಸೇನಾ ದಿನದ ಹೊತ್ತಿಗೆ. ಜನವರಿ 15 ಸೇನಾ ದಿನವಾಗಿರುವುದು 1949ರಲ್ಲಿ ಆ ದಿನ ನಮ್ಮ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿ ಅಧಿಕಾರ ವಹಿಸಿಕೊಂಡದ್ದಕ್ಕೆ.

ಟವರ್ ಬಂದಿದೆ ಎಂದರೆ ಪ್ರತಿ ಪೋಸ್ಟಿನಿಂದಲೂ ದಿನಾ ಫೋನ್ ಬರುತ್ತದೆ ಎಂದಲ್ಲ. ಆ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಚಾರ್ಜ್ ಮಾಡಲು ಜನರೇಟರ್ ಬೇಕು, ಅದರ ಎಣ್ಣೆ ಹೆಲಿಕಾಪ್ಟರಿನಲ್ಲೋ ಬೆನ್ನ ಮೇಲೋ ಬರಬೇಕು. ಉಪಗ್ರಹ ಫೋನಿನಲ್ಲಿ ಕರೆ ಬಂದರೆ ಒಂದು ಕ್ರಮ ಇಟ್ಟುಕೊಳ್ಳಿ. ನಿಮ್ಮ ಮಾತು ಮೇಲೆ ಹೋಗಿ ಅವನಿಗೆ ತಲುಪಿ, ಅವನ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಒಂದು ವಾಕ್ಯ ಹೇಳಿ ನಿಲ್ಲಿಸಿ, ಕಾಯಿರಿ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಹೋಗುತ್ತದೆ. ಅಳು ಬಂದರೆ ಅಳಿ, ತಪ್ಪೇನಿಲ್ಲ. ಆದರೆ ಅವನ ಹಿಂದೆ ಇನ್ನೂ ನಾಲ್ಕು ಜನ ಸರದಿಯಲ್ಲಿರುತ್ತಾರೆ ಎನ್ನುವುದು ನೆನಪಿರಲಿ.

ಕಡಲಲ್ಲಿರುವವರು, ಹೊರದೇಶದಲ್ಲಿರುವವರು

ಹಡಗು ಬಂದರಿನಲ್ಲಿದ್ದಾಗ ಮಾತು ಸಲೀಸು, ಕಡಲಿಗಿಳಿದ ಮೇಲೆ ಮೌನ. ಜಲಾಂತರ್ಗಾಮಿಯಾದರೆ ಪೂರ್ತಿ ಮೌನ. 2019ರ ಡಿಸೆಂಬರ್‌ನಲ್ಲಿ ಗೂಢಚಾರಿಕೆ ಪ್ರಕರಣವೊಂದು ಬಯಲಾದ ಮೇಲೆ ನೌಕಾಪಡೆ ಯುದ್ಧನೌಕೆ, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತ್ತು. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ ಕೆಲಸ ಮಾಡುವವರ ಮನೆಯವರಿಗೆ ಈ ಬಿಗಿ ಹೊಸದಲ್ಲ. ಇಲ್ಲಿ ಕಾಗದಕ್ಕೇ ನನ್ನ ಮತ: ಹಡಗಿನ ಹೆಸರು ಬರೆದು ಮುಂಬೈ, ಕೊಚ್ಚಿ ಅಥವಾ ವಿಶಾಖಪಟ್ಟಣದ ಫ್ಲೀಟ್ ಮೇಲ್ ಆಫೀಸಿನ ಕೇರ್ ಆಫ್ ಹಾಕಿದರೆ ಹಡಗು ದಡ ಮುಟ್ಟಿದಾಗ ಸಿಗುತ್ತದೆ. ಯಾವ ಕಚೇರಿ ಎನ್ನುವುದನ್ನು ಹೊರಡುವ ಮುನ್ನವೇ ಬರೆಸಿಕೊಳ್ಳಿ.

ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ದಕ್ಷಿಣ ಸುಡಾನಿಗೋ ಕಾಂಗೋಗೋ ಹೋದವರದು ಬೇರೆ ಕಥೆ. ಅಲ್ಲಿ ಕ್ಯಾಂಪಿನ ವೈಫೈ ಮೇಲೆ ವಾಟ್ಸಾಪ್ ಕರೆಯೇ ಅಗ್ಗ. ದಕ್ಷಿಣ ಸುಡಾನ್ ಮತ್ತು ಪೂರ್ವ ಕಾಂಗೋ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ರಾತ್ರಿ ಹತ್ತಕ್ಕೆ ಅಲ್ಲಿ ಸಂಜೆ ಆರೂವರೆ, ಮಾತಿಗೆ ಒಳ್ಳೆಯ ಹೊತ್ತು.

ಟ್ರೈನಿಂಗ್‌ನಲ್ಲಿರುವ ಮಗ, ಮಗಳು

ಸೈನಿಕರಿಗೆ ತರಬೇತಿ ಕೊಡುವ ಬೆಳಗಾವಿಯ ಮರಾಠಾ ಸೆಂಟರ್, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಮನೆಗೆ ಹತ್ತಿರವೇ ಇರಬಹುದು. ಆದರೂ ಟ್ರೈನಿಂಗ್‌ನ ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ಫೋನನ್ನು ತೆಗೆದಿಟ್ಟುಕೊಂಡು ಗೊತ್ತಾದ ಹೊತ್ತಿಗೆ ಮಾತ್ರ ಕೊಡುತ್ತಾರೆ. ಹುಡುಗರ ಮನೆಗಳು ಇದಕ್ಕೆ ಒಗ್ಗಿವೆ. ಹೆಣ್ಣುಮಕ್ಕಳ ಮನೆಯವರಿಗೆ ಈ ಮೌನ ಇನ್ನೂ ಕಷ್ಟ. ಮಹಿಳಾ ಸೈನಿಕರ ಮೊದಲ ತಂಡ, 83 ಮಂದಿ, ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದಲೇ 2021ರ ಮೇ 8ರಂದು ತರಬೇತಿ ಮುಗಿಸಿ ಹೊರಬಂತು. "ಹೆಣ್ಣುಮಗಳು, ದಿನಾ ಫೋನ್ ಮಾಡಬೇಕು" ಎಂದು ಹಟ ಹಿಡಿಯುವುದರಿಂದ ಅವಳಿಗೇ ಮುಜುಗರ. ಅವಳಿಗೂ ವಾರದ ಕರೆ, ನಡುವೆ ಕಾಗದ, ಅಣ್ಣತಮ್ಮಂದಿರಿಗೆ ಏನೋ ಅದೇ. ಅಗ್ನಿವೀರರಿಗೆ ವರ್ಷಕ್ಕೆ 30 ದಿನವಷ್ಟೇ ರಜೆ. ಅದನ್ನು ಯಾವ ಹಬ್ಬಕ್ಕೆ, ಯಾವ ಮದುವೆಗೆ ಎಂದು ಅವರನ್ನು ಎಳೆದಾಡುವ ಮೊದಲು ಅವರ ಇಷ್ಟ ಕೇಳಿ.

ಯಾವುದರಲ್ಲೂ ಹೇಳಬಾರದ್ದು

ಮಗ ಎಲ್ಲಿದ್ದಾನೆ, ಪಲ್ಟನ್ ಯಾವಾಗ ಹೊರಡುತ್ತದೆ, ಯಾವ ರೈಲಿನಲ್ಲಿ ಬರುತ್ತಾನೆ, ಇವು ಮನೆಯೊಳಗಿನ ಮಾತು. ಸ್ಟೇಟಸ್‌ನಲ್ಲಿ ಹಾಕುವಂಥದ್ದಲ್ಲ, ಸಂತೆಯಲ್ಲಿ ಹೇಳುವಂಥದ್ದಲ್ಲ. "ಲೊಕೇಶನ್ ಕಳಿಸು" ಎಂದು ತಮಾಷೆಗೂ ಕೇಳಬಾರದು. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ ಸೇನೆಯ ಚಲನವಲನವನ್ನು ನೇರಪ್ರಸಾರ ಮಾಡಬೇಡಿ ಎಂದು ಸರ್ಕಾರ ವಾಹಿನಿಗಳಿಗೇ ಹೇಳಬೇಕಾಯಿತು. ನಮ್ಮ ಫೋನೂ ಒಂದು ವಾಹಿನಿಯೇ.

ಅಧಿಕಾರಿ ಎಂದು ಹೇಳಿಕೊಂಡು ಹಿಂದಿಯಲ್ಲಿ ಗಡುಸಾಗಿ ಮಾತಾಡುತ್ತ, ಮಗನ ಪಲ್ಟನ್ ವಿವರ ಕೇಳುವವರಿರುತ್ತಾರೆ. ಮಗನಿಗೆ ಅಪಘಾತವಾಗಿದೆ, ಈಗಲೇ ಹಣ ಹಾಕಿ ಅನ್ನುವವರೂ. ಗಾಯಗೊಂಡ ಸೈನಿಕನ ಚಿಕಿತ್ಸೆಗೆ ಸೇನೆ ಮನೆಯವರಿಂದ ಫೋನ್‌ಪೇ ಮಾಡಿಸಿಕೊಳ್ಳುವುದಿಲ್ಲ. ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ಮನೆಯವರಿಗಷ್ಟೇ ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಮಗನ ಜೊತೆ ಮೊದಲೇ ಗೊತ್ತುಮಾಡಿಕೊಂಡಿರಿ.

ಹೊಲದ ಬದುವಿನ ಜಗಳ, ಪಾಲಿನ ಕೇಸು, ಸಾಲಗಾರರ ಕಾಟ, ಇದನ್ನೆಲ್ಲ ಫೋನಿನಲ್ಲಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಬಂದೂಕು ಹಿಡಿದು ರಾತ್ರಿ ಕಾವಲಿಗೆ ನಿಲ್ಲುವವನು ಅವನು. ಮುಚ್ಚಿಡಿ ಎಂದು ಹೇಳುತ್ತಿಲ್ಲ. ವಿಷಯ ಗಟ್ಟಿಯಾಗಿದ್ದರೆ ದಾಖಲೆ ಹಿಡಿದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಅವನ ಕಮಾಂಡಿಂಗ್ ಆಫೀಸರೇ ಜಿಲ್ಲಾಧಿಕಾರಿಗೆ ಪತ್ರ ಬರೆಯುವ ರೂಢಿಯೂ ಉಂಟು. "ಹೀಗಿದೆ, ಇಷ್ಟು ಮಾಡಿದ್ದೇವೆ, ನಿನ್ನಿಂದ ಇಷ್ಟು ಬೇಕು" ಎಂದು ಕೆಲಸದ ರೂಪದಲ್ಲಿ ಹೇಳಿದರೆ ಅವನಿಗೆ ಹೊರಲು ಆಗುತ್ತದೆ.

ತುರ್ತು ಬಂದರೆ

ಸಾವು, ಆಪರೇಷನ್, ಹೆರಿಗೆಯ ತೊಡಕು. ಮೊದಲು ಇದಕ್ಕೆ ಟೆಲಿಗ್ರಾಂ ಇತ್ತು. ಅದು 2013ರ ಜುಲೈನಲ್ಲಿ ನಿಂತುಹೋಯಿತು. ಈಗ ವಾಟ್ಸಾಪ್‌ನಲ್ಲಿ "ಅಪ್ಪ ಹೋದರು" ಎಂದು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಬ್ಬನೇ ಸೆಂಟ್ರಿ ಪೋಸ್ಟಿನಲ್ಲಿದ್ದಾಗ ಅದನ್ನು ಓದಿದರೆ ಅವನ ಗತಿ ಏನು? ಮೊದಲು ಅವನ ಕಂಪನಿಯ ಸುಬೇದಾರ್ ಸಾಹೇಬರಿಗೋ ಹವಾಲ್ದಾರ್ ಮೇಜರ್‌ಗೋ ತಿಳಿಸಿ. ಅವರು ಅವನನ್ನು ಕೂರಿಸಿ, ಜೊತೆಗೊಬ್ಬರನ್ನಿಟ್ಟು ಹೇಳುತ್ತಾರೆ, ರಜೆಗೂ ಆಗಲೇ ಕೈಹಾಕುತ್ತಾರೆ. ಅವರಿಗೆ ಸಿಗ್ನಲ್ ಇಲ್ಲದಿದ್ದರೆ ಪಲ್ಟನ್‌ನ ರಿಯರ್ ಪಾರ್ಟಿ ಇರುತ್ತದೆ: ಪಲ್ಟನ್ ಮುಂದೆ ಹೋದಾಗ ಹಿಂದೆ ಉಳಿಯುವ ಸಣ್ಣ ತುಕಡಿ. ಅವರ ಹತ್ತಿರ ಸೇನೆಯ ಸ್ವಂತ ಟೆಲಿಫೋನ್ ಲೈನ್ ಇರುತ್ತದೆ. ಅದೂ ಸಿಗದಿದ್ದರೆ ಸೈನಿಕರ ದಾಖಲೆಗಳನ್ನು ಇಟ್ಟುಕೊಳ್ಳುವ ರೆಜಿಮೆಂಟಿನ ರೆಕಾರ್ಡ್ ಆಫೀಸ್.

ಅತ್ತ ಕಡೆಯಿಂದ ಬರುವ ಸುದ್ದಿಗೂ ದಾರಿ ಸರಿಯಾಗಿರಬೇಕು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟಿನ ಮೇಲೆ ಹಿಮ ಕುಸಿದಾಗ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಜೀವ ಹಿಡಿದಿದ್ದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ದಿನಗಳಲ್ಲಿ ಟಿವಿ ಮೊದಲು ಹೇಳುತ್ತದೆ, ತಪ್ಪಾಗಿಯೂ ಹೇಳುತ್ತದೆ. ಸೇನೆ ತಿಳಿಸುವುದು ಅವನ ದಾಖಲೆಯಲ್ಲಿರುವ ಹತ್ತಿರದ ಬಂಧುವಿಗೆ. ಆ ದಾಖಲೆಯಲ್ಲಿ ಯಾರ ಹೆಸರಿದೆ, ಫೋನ್ ನಂಬರ್ ಈಗಿನದೇ, ಮದುವೆಯಾದ ಮೇಲೆ ಬದಲಿಸಿದ್ದಾನೆಯೇ ಎಂದು ಈ ಸಲ ರಜೆಗೆ ಬಂದಾಗ ಕೇಳಿ. ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೂ ಕೇಳಿ.

ಅವನು ಹೊರಡುವ ಮುನ್ನ ಒಂದು ಹಾಳೆಯಲ್ಲಿ ಅವನ ಕೈಯಿಂದಲೇ ಬರೆಸಿಕೊಳ್ಳಿ: ಆರ್ಮಿ ನಂಬರ್, ಎಪಿಓ ವಿಳಾಸ, ಸುಬೇದಾರ್ ಸಾಹೇಬರ ನಂಬರ್, ರಿಯರ್ ಪಾರ್ಟಿಯ ನಂಬರ್, ರೆಕಾರ್ಡ್ ಆಫೀಸಿನ ನಂಬರ್. ದೇವರ ಕೋಣೆಯಲ್ಲೋ ಪತ್ರಗಳ ಪೆಟ್ಟಿಗೆಯಲ್ಲೋ ಮನೆಮಂದಿಗೆಲ್ಲ ಗೊತ್ತಿರುವ ಕಡೆ ಇಡಿ. ಇನ್ನೊಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ನಂಬಿಕೆಯ ಪಕ್ಕದ ಮನೆಯವರಿಗೋ ಅವನ ಸೋದರಮಾವನಿಗೋ ಕೊಟ್ಟಿರಿ. ಮನೆಯವರೆಲ್ಲ ಆಸ್ಪತ್ರೆಯಲ್ಲಿರುವ ದಿನ ಫೋನ್ ಮಾಡಬೇಕಾದವರು ಅವರೇ.